ದಿನಬಳಕೆ ಸರಕುಗಳ ಉದ್ಯಮ: ಭಾರತದಲ್ಲಿ ಒಲವುಗಳು ಮತ್ತು ಮುನ್ನೋಟ

ಸೋಪು, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಪುಡಿ, ಬಿಸ್ಕತ್ತು, ಚಹಾ–ಕಾಫಿ ಪುಡಿ, ಕೊಬ್ಬರಿ ಎಣ್ಣೆ, ಮಸಾಲೆ, ಊದುಬತ್ತಿ ಮೊದಲಾದವು ಮನೆಮನೆಯಲ್ಲೂ ದಿನವೂ ಬಳಸಿ ಮುಗಿಸುವ, ಮುಗಿದ ಹಾಗೆ ಮತ್ತೆ ತರಿಸುವ ವಸ್ತುಗಳು. ಇವನ್ನು ತಯಾರಿಸಿ, ಪೊಟ್ಟಣ ಕಟ್ಟಿ, ಹೆಸರಿಟ್ಟು ಮಾರುವ ಉದ್ಯಮವೇ ದಿನಬಳಕೆ ಸರಕುಗಳ ಉದ್ಯಮ. ವ್ಯಾಪಾರಿಗಳ ಬಾಯಲ್ಲಿ ಇದಕ್ಕೆ ಎಫ್‌ಎಂಸಿಜಿ ಎಂಬ ಹೆಸರೇ ರೂಢಿ. ಇಲ್ಲಿ ಬಿಡಿ ವಸ್ತುವಿನ ಬೆಲೆ ಅಲ್ಪ, ಒಂದೊಂದರ ಮೇಲೆ ಉಳಿಯುವ ಲಾಭ ಇನ್ನೂ ಅಲ್ಪ. ಬಿಕರಿಯಾಗುವ ಸಂಖ್ಯೆ ಮಾತ್ರ ಅಪಾರ. ಒಂದು ರೂಪಾಯಿ, ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣ ಭಾರತದಲ್ಲಿ ಈ ಉದ್ಯಮದ ಅಳತೆಗೋಲು. ತೆರಿಗೆ, ಕಚ್ಚಾ ಮಾಲಿನ ಬೆಲೆ, ವಿತರಣೆ, ಪ್ಲಾಸ್ಟಿಕ್ ಕಸ ಎಲ್ಲದರ ಲೆಕ್ಕವೂ ಕೊನೆಗೆ ಈ ಪೊಟ್ಟಣಕ್ಕೇ ಬಂದು ನಿಲ್ಲುತ್ತದೆ.

ವ್ಯಾಪ್ತಿ

ಗ್ರಾಹಕ ಸರಕುಗಳನ್ನು ಬಾಳಿಕೆಯ ಆಧಾರದ ಮೇಲೆ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಟಿ.ವಿ., ಫ್ರಿಜ್, ಮಿಕ್ಸಿ, ಸ್ಕೂಟರು ಬಾಳಿಕೆ ಸರಕುಗಳು. ಇವುಗಳ ಖರೀದಿಯನ್ನು ಮುಂದಿನ ಹಬ್ಬಕ್ಕೋ ಬೋನಸ್ಸಿಗೋ ಮುಂದೂಡಬಹುದು. ದಿನಬಳಕೆ ಸರಕಿನ ಮಾತು ಬೇರೆ. ಕೈಯಲ್ಲಿ ಹಣ ಕಡಿಮೆಯಾದರೂ ಸೋಪು, ಚಹಾಪುಡಿ ತರುವುದು ನಿಲ್ಲುವುದಿಲ್ಲ. ಜನ ದೊಡ್ಡ ಪ್ಯಾಕೆಟ್ ಬಿಟ್ಟು ಸಣ್ಣದನ್ನು ತರುತ್ತಾರೆ, ಹೆಸರಾಂತ ಬ್ರ್ಯಾಂಡ್ ಬಿಟ್ಟು ಊರ ಬ್ರ್ಯಾಂಡ್ ಹಿಡಿಯುತ್ತಾರೆ, ಇಲ್ಲವೇ ತೂಗಿ ಕೊಡುವ ಲೂಸ್ ಮಾಲಿಗೆ ಮರಳುತ್ತಾರೆ. ಆದ್ದರಿಂದ ಈ ಉದ್ಯಮದಲ್ಲಿ ಆರ್ಥಿಕ ಹಿಂಜರಿತ ಮಾರಾಟದ ಕುಸಿತವಾಗಿ ಕಾಣುವ ಮೊದಲು ಪ್ಯಾಕೆಟ್ಟಿನ ಗಾತ್ರದ ಇಳಿಕೆಯಾಗಿ ಕಾಣುತ್ತದೆ.

ಆಹಾರ ಮತ್ತು ಪಾನೀಯ, ಮೈ–ಕೂದಲು–ಹಲ್ಲುಗಳ ಆರೈಕೆಯ ವಸ್ತುಗಳು, ಮನೆ ಸ್ವಚ್ಛತೆಯ ವಸ್ತುಗಳು ಎಂಬ ಮೂರು ಮುಖ್ಯ ಗುಂಪುಗಳಿವೆ. ಬೀಡಿ–ಸಿಗರೇಟನ್ನು ಕೆಲವರು ಇದರಲ್ಲೇ ಸೇರಿಸುತ್ತಾರೆ, ಕೆಲವರು ಬೇರೆ ಇಡುತ್ತಾರೆ.

ಇತಿಹಾಸ

1888ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಇಳಿದ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳಿಂದ ಬ್ರ್ಯಾಂಡ್ ಹೆಸರಿನ ಸಾಬೂನಿನ ವ್ಯಾಪಾರ ಇಲ್ಲಿ ವ್ಯಾಪಕವಾಗತೊಡಗಿತು. ಅದನ್ನು ಕಳುಹಿಸಿದ್ದು ಇಂಗ್ಲೆಂಡಿನ ಲೀವರ್ ಬ್ರದರ್ಸ್. ಆ ಸಂಸ್ಥೆಯ ಭಾರತೀಯ ಕಂಪನಿಗಳು 1956ರಲ್ಲಿ ಒಂದಾಗಿ ಹಿಂದೂಸ್ತಾನ್ ಲೀವರ್ ಆದವು. 2007ರಲ್ಲಿ ಅದು ಹಿಂದೂಸ್ತಾನ್ ಯೂನಿಲಿವರ್ ಎಂದು ಹೆಸರು ಬದಲಿಸಿಕೊಂಡಿತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಎಷ್ಟು ಮನೆಮಾತಾಯಿತೆಂದರೆ, ವನಸ್ಪತಿಗೆ ಅದೇ ಹೆಸರು ಅಂಟಿಕೊಂಡಿತು.

ಇಲ್ಲಿಯೇ ಹುಟ್ಟಿದ ಕಂಪನಿಗಳೂ ಅದೇ ಕಾಲದವು. ಡಾಬರ್ 1884ರಲ್ಲಿ ಕಲ್ಕತ್ತೆಯಲ್ಲಿ ಔಷಧಿ ತಯಾರಿಕೆಯಿಂದ ಆರಂಭವಾಯಿತು. ಬ್ರಿಟಾನಿಯಾ 1892ರಲ್ಲಿ ಅದೇ ಊರಿನಲ್ಲಿ ₹295 ಬಂಡವಾಳದಿಂದ ಹುಟ್ಟಿತು. ಪಾರ್ಲೆ 1929ರಲ್ಲಿ ಮುಂಬಯಿಯ ವಿಲೆ ಪಾರ್ಲೆಯಲ್ಲಿ ತಲೆಯೆತ್ತಿತು. ಸ್ವದೇಶಿ ಚಳವಳಿ ದೇಶಿ ಕಂಪನಿಗಳಿಗೆ ಗಿರಾಕಿಗಳನ್ನು ಒದಗಿಸಿತು.

ಸ್ವಾತಂತ್ರ್ಯಾನಂತರದ ನೀತಿ ಎರಡು ರೀತಿಯಲ್ಲಿ ಉದ್ಯಮವನ್ನು ತಿದ್ದಿತು. ಮೊದಲನೆಯದಾಗಿ, ಉಪ್ಪಿನಕಾಯಿ, ಬ್ರೆಡ್ಡು, ಬಟ್ಟೆ ಸೋಪು, ಬೆಂಕಿಪೊಟ್ಟಣ, ಊದುಬತ್ತಿಯಂಥ ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಕಾಯ್ದಿರಿಸಲಾಯಿತು. ಈ ಪಟ್ಟಿ ಕ್ರಮೇಣ ಕರಗಿತು; ಕೊನೆಗೆ ಉಳಿದಿದ್ದ 20 ವಸ್ತುಗಳ ಮೀಸಲು ರದ್ದಾದದ್ದು 2015ರಲ್ಲಿ. ಎರಡನೆಯದಾಗಿ, 1973ರ ವಿದೇಶಿ ವಿನಿಮಯ ಕಾಯ್ದೆ ಹೊರದೇಶದ ಕಂಪನಿಗಳ ಪಾಲು ಬಂಡವಾಳಕ್ಕೆ ಮಿತಿ ಹಾಕಿತು. ಅದಕ್ಕೆ ಒಪ್ಪದ ಕೋಕಾ–ಕೋಲಾ 1977ರಲ್ಲಿ ಹೊರನಡೆಯಿತು. ತೆರವಾದ ಜಾಗದಲ್ಲಿ ಥಮ್ಸ್ ಅಪ್, ಕ್ಯಾಂಪಾ ಕೋಲಾ ಬೆಳೆದವು. 1993ರಲ್ಲಿ ಕೋಕಾ–ಕೋಲಾ ಮರಳಿ ಬಂದು ಥಮ್ಸ್ ಅಪ್ ಅನ್ನೇ ಕೊಂಡುಕೊಂಡಿತು.

ಕಡಿಮೆ ಬೆಲೆಯ ಬಲ ಎಷ್ಟೆಂದು ತೋರಿಸಿಕೊಟ್ಟವರು ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್. 1969ರಲ್ಲಿ ಅವರು ಆರಂಭಿಸಿದ ನಿರ್ಮಾ ಒಗೆಯುವ ಪುಡಿಯ ಬೆಲೆ ಕಿಲೋಗೆ ಸುಮಾರು ₹3.50. ಆಗಿನ ಹೆಸರಾಂತ ಪುಡಿ ಸರ್ಫಿಗೆ ಅದರ ಮೂರು–ನಾಲ್ಕು ಪಟ್ಟು ಬೆಲೆಯಿತ್ತು. ಪುಡಿ ದುಬಾರಿಯೆಂದು ಬಾರ್ ಸೋಪಿನಲ್ಲೇ ಬಟ್ಟೆ ಉಜ್ಜುತ್ತಿದ್ದ ಮನೆಗಳು ನಿರ್ಮಾದ ಗಿರಾಕಿಗಳಾದವು. ಹಿಂದೂಸ್ತಾನ್ ಲೀವರ್ ಸರ್ಫಿನ ಜಾಹೀರಾತಿನಲ್ಲಿ ಚೌಕಾಸಿಗೆ ಹೆಸರಾದ ‘ಲಲಿತಾಜಿ’ಯನ್ನು ತಂದು ಗುಣಮಟ್ಟದ ವಾದ ಹೂಡಿತು. ವಾದವೊಂದೇ ಸಾಲದಾದಾಗ ವ್ಹೀಲ್ ಎಂಬ ಅಗ್ಗದ ಪುಡಿಯನ್ನೂ ಬಿಟ್ಟಿತು.

ಎರಡನೆಯ ತಿರುವು ತಮಿಳುನಾಡಿನ ಕಡಲೂರಿನದು. ಅಲ್ಲಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಒಂದು ಸ್ನಾನಕ್ಕೆ ಸಾಕಾಗುವಷ್ಟು ಸಣ್ಣ ಸ್ಯಾಷೆಯಲ್ಲಿ ತುಂಬುವ ಕ್ರಮ ತಂದರು. ಅವರ ಕುಟುಂಬದ ವೆಲ್ವೆಟ್ ಅದನ್ನು ಜನಪ್ರಿಯಗೊಳಿಸಿತು. 1983ರಲ್ಲಿ ಮಗ ಸಿ.ಕೆ. ರಂಗನಾಥನ್ ₹15,000 ಬಂಡವಾಳದಿಂದ ಚಿಕ್ ಶಾಂಪೂವಿನ ಕಂಪನಿ ಕಟ್ಟಿದರು. ಬಾಟಲಿಯ ಬೆಲೆ ಕೇಳಿ ಹಿಂದೆಗೆಯುತ್ತಿದ್ದ ಮನೆಗಳು ಸ್ಯಾಷೆಯ ಮೂಲಕ ಶಾಂಪೂವಿನ ಗಿರಾಕಿಗಳಾದವು. ದೊಡ್ಡ ಕಂಪನಿಗಳು ತಡವಾಗಿ ಅದೇ ದಾರಿ ಹಿಡಿದವು.

ಕರ್ನಾಟಕದ ಉದ್ಯಮ

ಮೈಸೂರು ಸೀಮೆಯ ಶ್ರೀಗಂಧ ಒಂದು ಕಾಲದಲ್ಲಿ ಮರದ ರೂಪದಲ್ಲೇ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿದಾಗ ಸಂಸ್ಥಾನವೇ ಎಣ್ಣೆ ತೆಗೆಯಲು ಮುಂದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಆರಂಭವಾಯಿತು. ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿ ಗಂಧದೆಣ್ಣೆಯ ಸೋಪಿನ ಸೂತ್ರ ಸಿದ್ಧಪಡಿಸಿದರು. 1980ರಿಂದ ಆ ಕಾರ್ಖಾನೆ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ (ಕೆಎಸ್‌ಡಿಎಲ್). ಮೈಸೂರ್ ಸ್ಯಾಂಡಲ್ ಸೋಪಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. 2024–25ರಲ್ಲಿ ಸಂಸ್ಥೆಯ ವಹಿವಾಟು ₹1,700 ಕೋಟಿ ದಾಟಿತು. ಹೆಸರು ಬೆಳೆದಂತೆ ನಕಲಿಯ ಕಾಟವೂ ಬೆಳೆಯಿತು. 2024ರ ಆರಂಭದಲ್ಲಿ ಹೈದರಾಬಾದಿನಲ್ಲಿ ಇದೇ ಹೆಸರಿನ ನಕಲಿ ಸೋಪು ತಯಾರಿಸುತ್ತಿದ್ದ ಜಾಲ ಪತ್ತೆಯಾಯಿತು.

ಆಹಾರದ ವಿಭಾಗದಲ್ಲಿ ಕರ್ನಾಟಕದ ಕೊಡುಗೆಗೆ ಒಂದು ವೈಶಿಷ್ಟ್ಯವಿದೆ: ಹೋಟೆಲಿನ ಮತ್ತು ಮನೆಯ ಅಡುಗೆ ಕೆಲಸವೇ ಇಲ್ಲಿ ಪೊಟ್ಟಣದೊಳಗೆ ಸೇರಿತು. 1924ರಲ್ಲಿ ಉಡುಪಿ ಸೀಮೆಯ ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಮತ್ತು ಸಹೋದರರು ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ (ಎಂಟಿಆರ್) ಆಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಕಡಿವಾಣ ಬಿದ್ದಾಗ, ಕೆಲಸಗಾರರನ್ನು ಉಳಿಸಿಕೊಳ್ಳಲು ಹೋಟೆಲಿನವರು ತಿಂಡಿಯ ಮಿಕ್ಸ್‌ಗಳು ಮತ್ತು ಮಸಾಲೆ ಪುಡಿಗಳ ತಯಾರಿಕೆಗೆ ಇಳಿದರು. ಹೋಟೆಲಿನಿಂದ ಬೇರೆಯಾಗಿ ಬೆಳೆದ ಆಹಾರ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಓರ್ಕ್ಲಾ ಇಂಡಿಯಾ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದಿತು. 2005ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಐಡಿ ಫ್ರೆಶ್ ರುಬ್ಬಿದ ಇಡ್ಲಿ–ದೋಸೆ ಹಿಟ್ಟನ್ನು ಮಾರಿ ಬೆಳೆಯಿತು. 2024ರ ಕೊನೆಯಲ್ಲಿ ಕರ್ನಾಟಕ ಹಾಲು ಮಹಾಮಂಡಳವೂ ನಂದಿನಿ ಹೆಸರಿನಲ್ಲಿ ಹಿಟ್ಟಿನ ಪ್ಯಾಕೆಟ್ ಬಿಟ್ಟಿತು.

ಊದುಬತ್ತಿಯಲ್ಲಿ ಮೈಸೂರು–ಬೆಂಗಳೂರು ದೇಶಕ್ಕೇ ಹೆಸರು. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಆರಂಭಿಸಿದ ಸಂಸ್ಥೆಯ ಸೈಕಲ್ ಬ್ರ್ಯಾಂಡ್ ಇದರಲ್ಲಿ ಪ್ರಮುಖವಾದುದು. ಬತ್ತಿ ಹೊಸೆಯುವ ಕೆಲಸ ಬಹುಕಾಲ ಹೆಂಗಸರು ಮನೆಯಲ್ಲೇ ಕೂತು ಮಾಡುವ ದುಡಿಮೆಯಾಗಿತ್ತು. ಯಂತ್ರಗಳು ಬಂದ ಮೇಲೆ ಅದರ ಬಹುಪಾಲು ಕಾರ್ಖಾನೆಗೆ ಸರಿಯಿತು.

ಐದು ರೂಪಾಯಿಯ ಲೆಕ್ಕ

ಯಾವುದೇ ಕಿರಾಣಿ ಅಂಗಡಿಯ ಮುಂಭಾಗದಲ್ಲಿ ಶಾಂಪೂ, ಕಾಫಿ ಪುಡಿ, ಒಗೆಯುವ ಪುಡಿಯ ಸ್ಯಾಷೆಗಳು ಸರಗಳಾಗಿ ತೂಗುತ್ತಿರುತ್ತವೆ. ಅಂಗಡಿಯವರು ಹರಿದು ಕೊಡುವ ಈ ತುಂಡುಗಳಿಗೆ ₹1, ₹2, ₹5, ₹10 ಎಂಬ ಕೆಲವೇ ಬೆಲೆಗಳು. ಚಿಲ್ಲರೆ ಹುಡುಕದೆ, ಒಂದೇ ನಾಣ್ಯದಲ್ಲಿ ವ್ಯಾಪಾರ ಮುಗಿಯಬೇಕೆಂಬುದೇ ಇದಕ್ಕೆ ಕಾರಣ. ಮಗುವಿನ ಕೈಗೆ ನಾಣ್ಯ ಕೊಟ್ಟು ಅಂಗಡಿಗೆ ಕಳಿಸುವ ಮನೆಯಲ್ಲಿ ಬೆಲೆ ಏರಿದರೆ ಕೂಡಲೇ ಗೊತ್ತಾಗುತ್ತದೆ, ತೂಕ ಇಳಿದರೆ ಗೊತ್ತಾಗುವುದು ತಡ. ಆದ್ದರಿಂದ ಗೋಧಿ, ಸಕ್ಕರೆ, ತಾಳೆ ಎಣ್ಣೆ ತುಟ್ಟಿಯಾದಾಗ ಬಿಸ್ಕತ್ತಿನ ಬೆಲೆ ₹5 ಆಗಿಯೇ ಉಳಿದು, ಒಳಗಿನ ಗ್ರಾಂ ಕರಗುತ್ತ ಹೋಗುತ್ತದೆ. ಒಂದು ಪ್ಯಾಕೆಟ್ಟಿನ ತೂಕ 60 ಗ್ರಾಂನಿಂದ 50ಕ್ಕೆ ಇಳಿದರೆ ಬೆಲೆ ಶೇ 20 ಏರಿದ ಲೆಕ್ಕ. ಆದರೆ ಹೊದಿಕೆಯ ಮೇಲಿನ ದೊಡ್ಡ ಅಂಕಿ ಬದಲಾಗಿರುವುದಿಲ್ಲ.

ಈ ಲೆಕ್ಕದ ಬಿಗಿ ಎಷ್ಟೆಂಬುದು 2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಇಳಿದಾಗ ಬಯಲಾಯಿತು. ಬಿಸ್ಕತ್ತಿನ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ₹5ರ ಪ್ಯಾಕೆಟ್ಟಿನಲ್ಲಿ ಮೊದಲು ಸುಮಾರು 76 ಪೈಸೆ ತೆರಿಗೆ, ಉಳಿದ ₹4.24 ತೆರಿಗೆರಹಿತ ಬೆಲೆ. ಹೊಸ ದರದ ಪ್ರಕಾರ ಅದೇ ಪ್ಯಾಕೆಟ್ಟಿನ ಬೆಲೆ ₹4.45. ಐವತ್ತು ಪೈಸೆಗಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತಿರುವಾಗ ಉಳಿದ 55 ಪೈಸೆಯನ್ನು ಗಿರಾಕಿಗೆ ಮರಳಿಸುವುದು ಹೇಗೆ? ₹1ರ ಶಾಂಪೂ ಸ್ಯಾಷೆಯಲ್ಲಿ ಇಳಿಯಬೇಕಾದದ್ದು 11 ಪೈಸೆ. ಬೆಲೆಯನ್ನು ₹5ರಲ್ಲೇ ನಿಲ್ಲಿಸಿ ತೂಕ ಹೆಚ್ಚಿಸುವುದು ಇನ್ನೊಂದು ದಾರಿ: 50 ಗ್ರಾಂ ಇದ್ದದ್ದು ಸುಮಾರು 56 ಗ್ರಾಂ ಆಗಬೇಕು. ಅದಕ್ಕೆ ಹೊಸ ಹೊದಿಕೆ ಬೇಕು, ಯಂತ್ರದ ಅಳತೆ ತಿದ್ದಬೇಕು. ಹೀಗೆ ದೊಡ್ಡ ಪ್ಯಾಕೆಟ್‌ಗಳಲ್ಲಿ ಸಲೀಸಾಗಿ ಕಾಣುವ ತೆರಿಗೆ ಕಡಿತ ಸಣ್ಣ ಪೊಟ್ಟಣದಲ್ಲಿ ತೊಡಕಾಗುತ್ತದೆ. ಬಡ ಗಿರಾಕಿ ಕೊಳ್ಳುವುದು ಹೆಚ್ಚಾಗಿ ಅದನ್ನೇ.

ಸಣ್ಣ ಪೊಟ್ಟಣ ಎಲ್ಲ ಕಡೆಯೂ ದುಬಾರಿಯಲ್ಲ. ಶಾಂಪೂವಿನಲ್ಲಿ ಪೈಪೋಟಿಯಿಂದಾಗಿ ಸ್ಯಾಷೆಯ ಪ್ರತಿ ಮಿಲಿಲೀಟರ್ ಬೆಲೆ ಬಾಟಲಿಗಿಂತ ಕಡಿಮೆ ಇರುವುದೂ ಉಂಟು. ಅನುಕೂಲಸ್ಥರೂ ಸ್ಯಾಷೆ ಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಬೇಡಿಕೆಯ ಸ್ವರೂಪ

ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2023–24ರಲ್ಲಿ ತಲಾ ಮಾಸಿಕ ವೆಚ್ಚ ಗ್ರಾಮಗಳಲ್ಲಿ ₹4,122, ನಗರಗಳಲ್ಲಿ ₹6,996. 2011–12ರಲ್ಲಿ ನಗರದ ವೆಚ್ಚ ಗ್ರಾಮಕ್ಕಿಂತ ಶೇ 84ರಷ್ಟು ಹೆಚ್ಚಿತ್ತು. 2023–24ರ ಹೊತ್ತಿಗೆ ಆ ಅಂತರ ಶೇ 70ಕ್ಕೆ ಇಳಿಯಿತು. ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಗ್ರಾಮಗಳಲ್ಲಿ ಸುಮಾರು ಶೇ 47, ನಗರಗಳಲ್ಲಿ ಸುಮಾರು ಶೇ 40. 1999–2000ರಲ್ಲಿ ಗ್ರಾಮಗಳಲ್ಲಿ ಇದು ಶೇ 59ರ ಆಸುಪಾಸಿನಲ್ಲಿತ್ತು. ಆಹಾರದೊಳಗೂ ಪಲ್ಲಟವಾಗಿದೆ: ಧಾನ್ಯದ ಪಾಲು ಕುಗ್ಗಿದೆ, ಪಾನೀಯ ಮತ್ತು ಸಂಸ್ಕರಿತ ತಿನಿಸುಗಳ ಪಾಲು ಹಿಗ್ಗಿದೆ. ಹಳ್ಳಿಯ ಅಂಗಡಿಗಳಲ್ಲೂ ಚಿಪ್ಸ್, ಬಿಸ್ಕತ್ತು, ತಂಪು ಪಾನೀಯಗಳ ಸಾಲು ಬೆಳೆದಿರುವುದಕ್ಕೆ ಇದು ಅಂಕಿಗಳ ಸಾಕ್ಷಿ.

ಗ್ರಾಮೀಣ ಬೇಡಿಕೆ ಮುಂಗಾರು, ಕೂಲಿ, ಬೆಳೆಯ ಬೆಲೆಗಳನ್ನು ಅನುಸರಿಸುತ್ತದೆ. ಕೋವಿಡ್ ನಂತರದ ಬೆಲೆಯೇರಿಕೆಯ ವರ್ಷಗಳಲ್ಲಿ ಹಳ್ಳಿಗಳ ಖರೀದಿ ಸೊರಗಿತ್ತು. ಮಾರುಕಟ್ಟೆ ಅಧ್ಯಯನ ಸಂಸ್ಥೆ ನೀಲ್ಸನ್‌ಐಕ್ಯೂ ಅಳತೆಯಂತೆ 2024ರ ಆರಂಭದಲ್ಲಿ ಗ್ರಾಮೀಣ ಮಾರಾಟದ ಬೆಳವಣಿಗೆ ನಗರವನ್ನು ಹಿಂದಿಕ್ಕಿತು. ಅದೇ ವರ್ಷದ ಕೊನೆಯಲ್ಲಿ ಕಂಪನಿಗಳ ಚಿಂತೆ ನಗರದ ಮಧ್ಯಮ ವರ್ಗದತ್ತ ಹೊರಳಿತು. ಬಾಡಿಗೆ, ಶಾಲಾ ಶುಲ್ಕ, ತರಕಾರಿ ಬೆಲೆಗಳ ನಡುವೆ ಸಿಕ್ಕ ಸಂಬಳದ ಕುಟುಂಬ ಖರ್ಚು ಬಿಗಿಹಿಡಿದಿತ್ತು. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಹೊರೆ ಇಲ್ಲವಾಗಿಸಿದ್ದು, ನಂತರದ ಜಿಎಸ್‌ಟಿ ಕಡಿತ ಎರಡೂ ಈ ವರ್ಗದ ಕೈಯಲ್ಲಿ ಹಣ ಉಳಿಸುವ ಕ್ರಮಗಳು.

ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಜಾರಿಗೆ ಬಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಯ ಖಾತೆಗೆ ತಿಂಗಳಿಗೆ ₹2,000 ಸೇರುತ್ತದೆ. ದಿನಸಿಯ ಪಟ್ಟಿ ಬರೆಯುವ ಕೈಗೇ ಹಣ ಬರುವ ಇಂಥ ಯೋಜನೆಗಳು ಹಲವು ರಾಜ್ಯಗಳಿಗೆ ಹಬ್ಬಿವೆ. ದಿನಬಳಕೆ ಸರಕಿನ ಬೇಡಿಕೆಯನ್ನು ಅಂದಾಜಿಸುವವರು ಈಗ ಮಳೆಯ ಜೊತೆಗೆ ಇವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಚ್ಚಾ ಮಾಲು

ಸೋಪಿನ ಕೊಬ್ಬಿನಂಶ, ಬಿಸ್ಕತ್ತಿನ ಜಿಡ್ಡು, ಕರಿದ ತಿನಿಸಿನ ಎಣ್ಣೆ ಈ ಮೂರಕ್ಕೂ ತಾಳೆ ಎಣ್ಣೆ ಆಧಾರ. ಭಾರತ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯದೇ ದೊಡ್ಡ ಪಾಲು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿದಾಗ ಬಿಸಿ ತಟ್ಟಿದ್ದು ಇಲ್ಲಿನ ಸೋಪಿನ ಕಾರ್ಖಾನೆಗಳಿಗೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಬೆಳೆಗಾರರ ಹಿತಕ್ಕಾಗಿ ಕಚ್ಚಾ ಖಾದ್ಯ ತೈಲಗಳ ಒಟ್ಟು ಆಮದು ಸುಂಕವನ್ನು ಶೇ 5.5ರಿಂದ ಶೇ 27.5ಕ್ಕೆ ಏರಿಸಿತು. ಬೆಲೆಯೇರಿಕೆಯ ಒತ್ತಡದಿಂದ 2025ರ ಮೇ ಕೊನೆಯಲ್ಲಿ ಅದನ್ನು ಶೇ 16.5ಕ್ಕೆ ಇಳಿಸಿತು. ಬೆಳೆಗಾರ ಮತ್ತು ಬಳಕೆದಾರರ ನಡುವಿನ ಈ ಎಳೆದಾಟಕ್ಕೆ ದೀರ್ಘಾವಧಿಯ ಉತ್ತರವಾಗಿ 2021ರಲ್ಲಿ ₹11,040 ಕೋಟಿಯ ತಾಳೆ ಬೆಳೆ ಯೋಜನೆ ಘೋಷಿತವಾಗಿದೆ.

ಕೊಬ್ಬರಿಯ ಕತೆ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಉಂಡೆ ಕೊಬ್ಬರಿಯ ದರ ಕ್ವಿಂಟಲಿಗೆ ₹11,750ರ ಬೆಂಬಲ ಬೆಲೆಗಿಂತ ಕೆಳಗಿಳಿದು ರೈತರು ಬೀದಿಗಿಳಿದಿದ್ದರು. ಎರಡೇ ವರ್ಷದಲ್ಲಿ, 2025ರ ನಡುವೆ, ದರ ಅದರ ಎರಡು ಪಟ್ಟನ್ನೂ ಮೀರಿತು. ಬರ, ಬಿಳಿನೊಣದ ಬಾಧೆಯಿಂದ ಇಳುವರಿ ಕುಸಿದಿತ್ತು. ಎಳನೀರಿಗೆ ಒಳ್ಳೆಯ ಬೆಲೆ ಬಂದಾಗ ಕಾಯಿ ಬಲಿಯುವ ಮೊದಲೇ ಮದ್ದೂರಿನಂಥ ಮಾರುಕಟ್ಟೆಗಳಿಗೆ ಹೋಗಿಬಿಡುತ್ತದೆ, ಕೊಬ್ಬರಿಗಾಗಿ ಅಟ್ಟಕ್ಕೇರುವ ಕಾಯಿ ಕಡಿಮೆಯಾಗುತ್ತದೆ. ಪರಿಣಾಮವಾಗಿ ಕೊಬ್ಬರಿ ಎಣ್ಣೆಯ ಬಾಟಲಿಗಳ ಬೆಲೆ ಮೇಲಿಂದ ಮೇಲೆ ಏರಿತು.

ಇದೇ ಎಣ್ಣೆ ತೆರಿಗೆ ಕಾನೂನಿನಲ್ಲೂ ಬಹುಕಾಲ ಜಗಳಕ್ಕೆ ಕಾರಣವಾಗಿತ್ತು. ಸಣ್ಣ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ? ಮೊದಲನೆಯದಾದರೆ ಶೇ 5 ತೆರಿಗೆ, ಎರಡನೆಯದಾದರೆ ಶೇ 18. ಸಣ್ಣ ಬಾಟಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಕೇಶತೈಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. 2025ರಲ್ಲಿ ಕೇಶತೈಲದ ತೆರಿಗೆಯೂ ಶೇ 5ಕ್ಕೆ ಇಳಿದು ವಾದದ ಬಿಸಿಯೇ ಆರಿತು.

ಕಾಫಿಯಲ್ಲೂ ಇಂಥದೇ ಏರಿಳಿತ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಿಂದ ಬರುತ್ತದೆ. ಬ್ರೆಜಿಲ್, ವಿಯೆಟ್ನಾಂಗಳ ಬೆಳೆ ಕೈಕೊಟ್ಟು 2024–25ರಲ್ಲಿ ಜಗತ್ತಿನ ಬೆಲೆ ದಾಖಲೆ ಮಟ್ಟಕ್ಕೇರಿದಾಗ ಬೆಳೆಗಾರರಿಗೆ ಲಾಭವಾಯಿತು. ಫಿಲ್ಟರ್ ಕಾಫಿ ಕುಡಿಯುವವರ ಪುಡಿ ಮಾತ್ರ ತುಟ್ಟಿಯಾಯಿತು.

ವಿತರಣೆ: ಕಿರಾಣಿಯಿಂದ ಕ್ವಿಕ್ ಕಾಮರ್ಸ್‌ವರೆಗೆ

ಕಾರ್ಖಾನೆಯಿಂದ ಹೊರಟ ಮಾಲು ಡಿಪೊ, ಊರಿನ ವಿತರಕ, ಅಲ್ಲಿಂದ ಸಗಟು ಅಥವಾ ಚಿಲ್ಲರೆ ಅಂಗಡಿ ಎಂಬ ಮೆಟ್ಟಿಲುಗಳನ್ನು ಇಳಿಯುತ್ತದೆ. ವಿತರಕರ ಸೇಲ್ಸ್‌ಮನ್‌ಗೆ ವಾರದ ಪ್ರತಿ ದಿನಕ್ಕೂ ಒಂದೊಂದು ‘ಬೀಟ್’, ಅಂದರೆ ಸುತ್ತಬೇಕಾದ ಬೀದಿಗಳ ಪಟ್ಟಿ, ಇರುತ್ತದೆ. ಆರ್ಡರ್ ಬರೆಯುವುದು, ‘ಸ್ಕೀಮ್’ ತಿಳಿಸುವುದು, ಹಳೆಯ ಬಾಕಿ ವಸೂಲಿ, ಡೇಟ್ ಮೀರಿದ ಮಾಲಿನ ವಾಪಸಾತಿ ಎಲ್ಲವೂ ಅವನ ಕೆಲಸ. ಡಜನ್‌ಗೆ ಒಂದು ಉಚಿತ ಎಂಬಂಥ ಸ್ಕೀಮಿನಲ್ಲೇ ಅಂಗಡಿಯವರ ನಿಜವಾದ ಲಾಭ ಅಡಗಿರುತ್ತದೆ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಕಿರಾಣಿ ಅಂಗಡಿಗಳಿವೆಯೆಂಬ ಅಂದಾಜಿದೆ. ಗಿರಾಕಿಗೆ ಉದ್ರಿ ಕೊಡುವುದು, ಒಂದೇ ಒಂದು ಮೊಟ್ಟೆಯನ್ನೂ ಮಾರುವುದು ಇವುಗಳ ಶಕ್ತಿ.

ಆಧುನಿಕ ಮಾರಾಟ ವ್ಯವಸ್ಥೆಗೆ ಬೆಂಗಳೂರು ಮೊದಲಿನಿಂದಲೂ ಪ್ರಯೋಗಶಾಲೆ. ಜರ್ಮನಿಯ ಮೆಟ್ರೊ ತನ್ನ ಸಗಟು ಮಳಿಗೆಯನ್ನು ಭಾರತದಲ್ಲಿ ಮೊದಲು ತೆರೆದದ್ದು 2003ರಲ್ಲಿ, ಈ ಊರಿನಲ್ಲೇ. 2023ರಲ್ಲಿ ಅದು ರಿಲಯನ್ಸ್ ಕೈಸೇರಿತು. ಆನ್‌ಲೈನ್ ದಿನಸಿಯ ಬಿಗ್‌ಬಾಸ್ಕೆಟ್ 2011ರಲ್ಲಿ ಇಲ್ಲಿ ಹುಟ್ಟಿ 2021ರಲ್ಲಿ ಟಾಟಾ ಸಮೂಹ ಸೇರಿತು. 2020ರ ನಂತರ ಇನ್‌ಸ್ಟಾಮಾರ್ಟ್, ಬ್ಲಿಂಕಿಟ್, ಜೆಪ್ಟೊಗಳ ಕ್ವಿಕ್ ಕಾಮರ್ಸ್ ಬಂತು. ಜನವಸತಿಯ ನಡುವೆ ಗಿರಾಕಿಗೆ ಪ್ರವೇಶವಿಲ್ಲದ ‘ಡಾರ್ಕ್ ಸ್ಟೋರ್’ ಎಂಬ ಸಣ್ಣ ಗೋದಾಮು, ಅಲ್ಲಿಂದ ನಿಮಿಷಗಳಲ್ಲಿ ಬೈಕಿನ ಮೇಲೆ ಸರಬರಾಜು, ಇದು ಅದರ ವಿಧಾನ. ತಿಂಗಳ ಸಾಮಾನಿನ ಪಟ್ಟಿಯ ಜಾಗದಲ್ಲಿ ‘ಈಗ ಬೇಕು, ಈಗ ತರಿಸು’ ಎಂಬ ರೂಢಿ ನಗರಗಳಲ್ಲಿ ಬೇರೂರುತ್ತಿದೆ. ಹೊಸ ಬ್ರ್ಯಾಂಡ್‌ಗಳಿಗೆ ಇದು ವರ. ವಿತರಕರ ಜಾಲ ಕಟ್ಟದೆಯೇ ಅವು ನಗರದ ಗಿರಾಕಿಯನ್ನು ಮುಟ್ಟುತ್ತವೆ.

ಇದರ ಬಿಸಿ ಹಳೆಯ ವ್ಯವಸ್ಥೆಗೆ ತಟ್ಟಿದೆ. ಅತಿಯಾದ ರಿಯಾಯಿತಿಯಿಂದ ಅಂಗಡಿಗಳು ಮುಚ್ಚುತ್ತಿವೆ ಎಂದು ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟ 2024ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರಿತು. ಸರಬರಾಜು ಮಾಡುವ ಹುಡುಗರ ದುಡಿಮೆಯ ಪ್ರಶ್ನೆಗೆ ಉತ್ತರವಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ.

ಕಿರಾಣಿ ಅಂಗಡಿಯೂ ನಿಂತ ನೀರಲ್ಲ. ಯುಪಿಐ ಬಂದ ಮೇಲೆ ಚಿಲ್ಲರೆಯ ತಾಪತ್ರಯ ತಗ್ಗಿತು, ಜೊತೆಗೆ ವಹಿವಾಟು ತೆರಿಗೆ ಇಲಾಖೆಯ ಕಣ್ಣಿಗೂ ಬಿತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಆಧಾರದ ಮೇಲೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟ ಮೇಲೆ ವಿವಾದ ತಣಿಯಿತು.

ಸ್ಪರ್ಧೆ ಮತ್ತು ಒಡೆತನ

ಇತ್ತೀಚಿನ ಪೈಪೋಟಿ ಎರಡು ತುದಿಗಳಲ್ಲಿದೆ. ಒಂದು ತುದಿಯಲ್ಲಿ ಅಗ್ಗದ ಬೆಲೆಯ ಸಮರ: 2022ರಲ್ಲಿ ಕ್ಯಾಂಪಾ ಬ್ರ್ಯಾಂಡ್ ಕೊಂಡ ರಿಲಯನ್ಸ್ 2023ರಲ್ಲಿ ಅದನ್ನು ಮರಳಿ ಮಾರುಕಟ್ಟೆಗೆ ತಂದು, ಬಹುರಾಷ್ಟ್ರೀಯ ಕೋಲಾಗಳನ್ನು ₹10ರ ಬಾಟಲಿಯಿಂದ ಎದುರಿಸಿತು. ಇನ್ನೊಂದು ತುದಿಯಲ್ಲಿ ಅಂತರ್ಜಾಲದಲ್ಲೇ ಬೆಳೆದ ದುಬಾರಿ ಬ್ರ್ಯಾಂಡ್‌ಗಳು: ಮಾಮಾಅರ್ಥ್‌ನ ಒಡೆತನ ಹೊಂದಿದ ಕಂಪನಿ 2023ರಲ್ಲಿ ಷೇರುಪೇಟೆಗೆ ಬಂದಿತು, 2025ರಲ್ಲಿ ಚರ್ಮದ ಆರೈಕೆಯ ಮಿನಿಮಲಿಸ್ಟ್ ಅನ್ನು ಹಿಂದೂಸ್ತಾನ್ ಯೂನಿಲಿವರ್ ಕೊಂಡಿತು. ಬೆಂಗಳೂರಿನ ಯೋಗಾಬಾರ್ ಐಟಿಸಿಯ ಪಾಲಾಯಿತು. ಹೊಸದನ್ನು ತಾವೇ ಕಟ್ಟಿ ಬೆಳೆಸುವುದಕ್ಕಿಂತ, ಬೆಳೆದದ್ದನ್ನು ಕೊಳ್ಳುವ ರೂಢಿ ದೊಡ್ಡ ಕಂಪನಿಗಳಲ್ಲಿ ಹೆಚ್ಚುತ್ತಿದೆ. ನಡುವಿನ ಬೆಲೆಯ, ನಡುವಿನ ಗುಣದ ಹಳೆಯ ಬ್ರ್ಯಾಂಡ್‌ಗಳಿಗೆ ಎರಡೂ ಕಡೆಯಿಂದ ಒತ್ತಡ.

ನಿಯಂತ್ರಣ, ಆರೋಗ್ಯ ಮತ್ತು ಪರಿಸರ

ಹೊದಿಕೆಯ ಮೇಲೆ ಗರಿಷ್ಠ ಚಿಲ್ಲರೆ ಬೆಲೆ (ಎಂಆರ್‌ಪಿ), ನಿವ್ವಳ ತೂಕ, ತಯಾರಿಕೆಯ ದಿನಾಂಕ ಅಚ್ಚಾಗಬೇಕೆಂಬುದು ಕಾನೂನುಬದ್ಧ ಮಾಪನ ನಿಯಮ. 2021ರಲ್ಲಿ ಪ್ರಕಟವಾದ ತಿದ್ದುಪಡಿ ಬಿಸ್ಕತ್ತು, ಚಹಾ ಮೊದಲಾದ ವಸ್ತುಗಳಿಗೆ ನಿಗದಿತ ತೂಕಗಳಲ್ಲೇ ಪ್ಯಾಕ್ ಮಾಡಬೇಕೆಂಬ ಕಟ್ಟನ್ನು ಸಡಿಲಿಸಿತು. ಬದಲಿಗೆ ಗ್ರಾಂ ಅಥವಾ ಮಿಲಿಲೀಟರಿನ ಬಿಡಿ ಬೆಲೆ ನಮೂದಿಸಬೇಕೆಂದಿತು. ತೂಕ ಕರಗುವುದನ್ನು ಗಿರಾಕಿ ಗುರುತಿಸಲು ಈಗಿರುವ ನೇರ ಸಾಧನ ಇದೇ. ಆದರೆ ಅದನ್ನು ಅಚ್ಚುಹಾಕುವ ಅಕ್ಷರ ಬಲು ಸಣ್ಣದು.

ಆಹಾರದ ಗುಣಮಟ್ಟ 2006ರ ಕಾಯ್ದೆಯಡಿ ರಚಿತವಾದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಹೊಣೆ. 2015ರಲ್ಲಿ ಮ್ಯಾಗಿ ನೂಡಲ್ಸ್ ಮೇಲೆ ಪ್ರಾಧಿಕಾರ ಹೇರಿದ ನಿಷೇಧವನ್ನು ಬಾಂಬೆ ಹೈಕೋರ್ಟ್ ರದ್ದುಪಡಿಸಿತು. ಮರುಪರೀಕ್ಷೆಯ ನಂತರ ನವೆಂಬರ್‌ನಲ್ಲಿ ಅದು ಮತ್ತೆ ಅಂಗಡಿಗೆ ಬಂತು. 2023ರಲ್ಲಿ ಮಕ್ಕಳ ಪಾನೀಯಗಳ ಸಕ್ಕರೆ ಅಂಶ ಚರ್ಚೆಗೆ ಬಂತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ಗಳ ಪಟ್ಟಿಯಿಂದ ತೆಗೆಯುವಂತೆ ಇ–ವಾಣಿಜ್ಯ ತಾಣಗಳಿಗೆ ಸೂಚಿಸಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಸಕ್ಕರೆ, ಉಪ್ಪು, ಜಿಡ್ಡಿನ ಪ್ರಮಾಣವನ್ನು ಹೊದಿಕೆಯ ಮುಂಭಾಗದಲ್ಲೇ ಢಾಳಾಗಿ ತೋರಿಸಬೇಕೆಂಬ ಬೇಡಿಕೆಗೆ ಇದು ಹಿನ್ನೆಲೆ.

ಸ್ಯಾಷೆಯ ಇನ್ನೊಂದು ಮುಖ ಕಸ. ಹಲವು ಪದರಗಳ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಯನ್ನು ಬೆಸೆದು ಮಾಡುವ ಹೊದಿಕೆ ಮರುಬಳಕೆಗೆ ಒಗ್ಗುವುದಿಲ್ಲ. ಹಗುರವಾದ್ದರಿಂದ ಚಿಂದಿ ಆಯುವವರಿಗೂ ಗಿಟ್ಟುವುದಿಲ್ಲ. ನೂರಾರು ತುಂಡು ಹೆಕ್ಕಿದರೂ ತೂಕ ಬರದು. 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆಯಂಥ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದವು. ಸ್ಯಾಷೆ ಆ ಪಟ್ಟಿಯಲ್ಲಿ ಸೇರಲಿಲ್ಲ. ತಾವು ಮಾರಿದಷ್ಟು ಪ್ಲಾಸ್ಟಿಕ್ಕಿನ ಸಂಗ್ರಹ–ಸಂಸ್ಕರಣೆಯ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಲಾಯಿತು. ಈ ಹೊಣೆಯ ಖರ್ಚು ಕಾಗದದ ಮೇಲಿನ ಪ್ರಮಾಣಪತ್ರಗಳಲ್ಲೇ ಮುಗಿಯುತ್ತದೋ ಪೊಟ್ಟಣದ ಬೆಲೆಗೆ ಸೇರುತ್ತದೋ ಎಂಬುದು ಜಾರಿಯ ಬಿಗಿಯನ್ನು ಅವಲಂಬಿಸಿದೆ.

ಮುನ್ನೋಟ

ಜನಸಂಖ್ಯೆ, ನಗರೀಕರಣ, ದುಡಿಯುವ ಹೆಂಗಸರ ಸಂಖ್ಯೆ, ಸಂಸ್ಕರಿತ ಆಹಾರದತ್ತ ಹೊರಳಿದ ಖರ್ಚು ಇವೆಲ್ಲ ಉದ್ಯಮದ ಬೆಳವಣಿಗೆಗೆ ಅನುಕೂಲವಾಗಿವೆ. ಆದರೆ ಬೆಳವಣಿಗೆ ಬೆಲೆಯೇರಿಕೆಯಿಂದ ಬಂತೋ ಹೆಚ್ಚು ಮಾಲು ಬಿಕರಿಯಾಗಿ ಬಂತೋ ಎಂಬುದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ವಹಿವಾಟಿನ ರೂಪಾಯಿ ಹೆಚ್ಚಿ, ಮಾರಾಟವಾದ ಟನ್ನು ನಿಂತಲ್ಲೇ ನಿಂತಿದ್ದರೆ ಅದು ಆರೋಗ್ಯದ ಲಕ್ಷಣವಲ್ಲ. 2025ರ ತೆರಿಗೆ ಕಡಿತದ ಫಲವನ್ನು ಅಳೆಯುವುದೂ ಹೀಗೆಯೇ: ತೂಕ ಹೆಚ್ಚಾಗಿ ಉಳಿದರೆ ಕಡಿತ ಗಿರಾಕಿಗೆ ತಲುಪಿದ ಲೆಕ್ಕ, ಒಂದೆರಡು ವರ್ಷದಲ್ಲಿ ಮತ್ತೆ ಕರಗಿದರೆ ಇಲ್ಲ.

ಮೂರು ಒತ್ತಡಗಳು ಮುಂದುವರಿಯುವ ಸೂಚನೆಯಿದೆ. ತಾಳೆ, ಕೊಬ್ಬರಿ, ಕಾಫಿಯ ಹಾಗೆ ಹವಾಮಾನಕ್ಕೆ ಜೋತುಬಿದ್ದ ಕಚ್ಚಾ ಮಾಲುಗಳ ಏರಿಳಿತ ತೀವ್ರವಾಗುತ್ತಿದೆ. ನಗರದಲ್ಲಿ ಆ್ಯಪ್, ಹಳ್ಳಿಯಲ್ಲಿ ಕಿರಾಣಿ ಎಂದು ವಿತರಣೆ ಎರಡು ದಾರಿಯಾಗಿ ಕವಲೊಡೆದು, ಒಂದೇ ಬ್ರ್ಯಾಂಡಿಗೆ ಬೇರೆ ಬೇರೆ ಗಾತ್ರ, ಬೇರೆ ಬೇರೆ ಬೆಲೆ ಅನಿವಾರ್ಯವಾಗುತ್ತಿದೆ. ಮೂರನೆಯದು, ಹೊದಿಕೆಯ ಮೇಲೆ ಏನನ್ನು ಬರೆಯಬೇಕು, ಹೊದಿಕೆಯನ್ನು ಯಾವುದರಿಂದ ಮಾಡಬೇಕು ಎಂಬ ಎರಡರ ಮೇಲೂ ಬಿಗಿಯಾಗುತ್ತಿರುವ ನಿಯಂತ್ರಣ.

ಈ ಮೂರೂ ಒತ್ತಡಗಳು ಹೆಚ್ಚು ತಟ್ಟುವುದು ಸಣ್ಣ ಪೊಟ್ಟಣಕ್ಕೆ. ದೊಡ್ಡ ಬಾಟಲಿಯ ಬೆಲೆಯಲ್ಲಿ ಐದು–ಹತ್ತು ರೂಪಾಯಿ ಆಚೀಚೆ ಮಾಡಿ ಖರ್ಚು ಸರಿದೂಗಿಸಬಹುದು, ಐದು ರೂಪಾಯಿಯ ಪೊಟ್ಟಣದಲ್ಲಿ ಅದಕ್ಕೆ ಎಡೆಯಿಲ್ಲ. ನಾಣ್ಯದ ಬೆಲೆಯಲ್ಲೇ ಮಾರುವ ಕಟ್ಟುಪಾಡು ಉಳಿದರೆ ಗ್ರಾಂ ಕುಗ್ಗುತ್ತದೆ. ಅದು ಮುರಿದರೆ ನಾಣ್ಯ ಹಿಡಿದು ಬರುವ ಗಿರಾಕಿಗೆ ಲೂಸ್ ಮಾಲು ಮತ್ತೆ ಹತ್ತಿರವಾಗುತ್ತದೆ. ಯುಪಿಐ ಹಬ್ಬಿದಂತೆ ₹4.45 ಕೊಡುವುದು ಕಷ್ಟವಾಗದ ದಿನ ಬಂದರೆ, ನಾಲ್ಕು ದಶಕಗಳಿಂದ ಉದ್ಯಮವನ್ನು ಹಿಡಿದಿಟ್ಟಿರುವ ಈ ನಾಣ್ಯದ ಕಟ್ಟು ತಾನಾಗಿ ಸಡಿಲಗೊಳ್ಳಲೂಬಹುದು.